ಕಣ್ಣಾರೆ ಕಂಡವರಿಲ್ಲದ ಕೊಲೆ ಪ್ರಕರಣದಲ್ಲಿ ಅಪರಾಧ ಸಾಬೀತಾಗುವುದು ಹೇಗೆ?

ತೀರ್ಪು ಓದುಗ (ಪ್ರಶ್ನೆ)

ಕೊಲೆ ಪ್ರಕರಣವೊಂದರಲ್ಲಿ ಸೆಷನ್ಸ್ ನ್ಯಾಯಾಲಯ ಕೊಟ್ಟ ತೀರ್ಪನ್ನು ಕಳೆದ ವಾರ ಮೊದಲಿನಿಂದ ಕೊನೆಯವರೆಗೆ ಓದಿದೆ. ನಾನು ಕಾನೂನು ಕಲಿತವನಲ್ಲ, ಆರೋಪಿಯಾಗಲಿ ಮೃತನಾಗಲಿ ನನಗೆ ಪರಿಚಿತರೂ ಅಲ್ಲ. ಆದರೂ ಓದಿ ಮುಗಿಸಿದ ಮೇಲೆ ಎರಡು ದಿನ ಅದೇ ಯೋಚನೆ ತಲೆಯಲ್ಲಿ ಸುತ್ತುತ್ತಿದ್ದುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಆ ಕೊಲೆಯನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಅಭಿಯೋಜನೆಯವರು, ಅಂದರೆ ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವವರು, ನ್ಯಾಯಾಲಯದ ಮುಂದಿಟ್ಟದ್ದು ನಾಲ್ಕು ಸಂಗತಿಗಳನ್ನು. ಮೃತನಿಗೂ ಆರೋಪಿಗೂ ಸಾಲದ ವಿಷಯದಲ್ಲಿ ಜಗಳವಿತ್ತು; ಶವ ಸಿಕ್ಕ ಹಿಂದಿನ ಸಂಜೆ ಏಳು ಗಂಟೆಯ ಸುಮಾರಿಗೆ ಇಬ್ಬರೂ ಜೊತೆಯಾಗಿ ನಡೆದು ಹೋಗುವುದನ್ನು ಒಬ್ಬ ಸಾಕ್ಷಿ ಕಂಡಿದ್ದ; ಬಂಧನದ ನಂತರ ಆರೋಪಿಯೇ ತೋರಿಸಿದ ಜಾಗದಿಂದ ರಕ್ತದ ಕಲೆಯಿದ್ದ ಚಾಕುವನ್ನು ವಶಪಡಿಸಿಕೊಂಡರು; ಕೊನೆಯದಾಗಿ, ನ್ಯಾಯಾಧೀಶರು ಈ ಒಂದೊಂದನ್ನೂ ಮುಂದಿಟ್ಟು ಕೇಳಿದಾಗ ಆರೋಪಿ "ಗೊತ್ತಿಲ್ಲ", "ಸುಳ್ಳು" ಎಂಬ ಎರಡು ಮಾತುಗಳನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

ನನ್ನ ಅನುಮಾನ ಇದು. ಸಾಲದ ಜಗಳವಿದ್ದವರೆಲ್ಲ ಕೊಲೆ ಮಾಡುವುದಿಲ್ಲ. ಸಂಜೆ ಜೊತೆಗೆ ನಡೆದವರು ಮುಂದಿನ ತಿರುವಿನಲ್ಲಿಯೇ ಬೇರೆ ಬೇರೆ ದಾರಿ ಹಿಡಿದಿರಬಹುದು. ಚಾಕು ಇದ್ದ ಜಾಗ ಗೊತ್ತಿರುವವನೇ ಇರಿದವನಾಗಬೇಕೆಂದಿಲ್ಲ. ಒಂದೊಂದನ್ನೇ ಹಿಡಿದು ನೋಡಿದರೆ ಯಾವುದೂ ಸ್ವಂತ ಕಾಲಿನ ಮೇಲೆ ನಿಲ್ಲುವುದಿಲ್ಲ. ಹೀಗಿರುವಾಗ ನಾಲ್ಕು ಅರೆ ಪುರಾವೆಗಳು ಸೇರಿ ಒಂದು ಪೂರ್ಣ ಪುರಾವೆಯಾಗುವುದು ಹೇಗೆ? ಒಬ್ಬ ಮನುಷ್ಯನ ಬದುಕನ್ನು ಇಂಥ ಲೆಕ್ಕದ ಮೇಲೆ ನಿರ್ಧರಿಸುವುದಕ್ಕೆ ನ್ಯಾಯಾಲಯಗಳು ಇಟ್ಟುಕೊಂಡಿರುವ ಅಳತೆ ಯಾವುದು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಸೆಷನ್ಸ್ ವಕೀಲೆ

ತಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಸಾಂದರ್ಭಿಕ ಸಾಕ್ಷ್ಯವು, ಅಂದರೆ ಕೃತ್ಯವನ್ನು ಕಂಡವರ ಮಾತಲ್ಲದೆ ಸುತ್ತಲಿನ ಸಂಗತಿಗಳಿಂದ ಊಹಿಸಿ ತಿಳಿಯುವ ಪುರಾವೆಯು, ಪ್ರತ್ಯಕ್ಷ ಸಾಕ್ಷ್ಯಕ್ಕಿಂತ ಕೆಳದರ್ಜೆಯದೇ ಎಂಬುದು ಮೊದಲನೆಯದು. ಅದನ್ನು ಅಳೆಯುವ ಕ್ರಮ ಯಾವುದು ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು: ಕಾನೂನಿನಲ್ಲಿ ಅಂಥ ಮೇಲು ಕೀಳು ಇಲ್ಲ. ಕಣ್ಣಾರೆ ಕಂಡವನು ಮಬ್ಬುಗತ್ತಲಲ್ಲಿ ಒಬ್ಬನನ್ನು ಇನ್ನೊಬ್ಬನೆಂದು ತಿಳಿದಿರಬಹುದು, ವರ್ಷಗಳ ನಂತರ ಮರೆತಿರಬಹುದು, ಹಗೆಯಿಂದ ಸುಳ್ಳನ್ನೂ ಹೇಳಬಹುದು. "ಮನುಷ್ಯ ಸುಳ್ಳು ಹೇಳಬಹುದು, ಸಂದರ್ಭಗಳು ಸುಳ್ಳು ಹೇಳುವುದಿಲ್ಲ" ಎಂಬ ಮಾತು ನಮ್ಮ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ, ಏಕೆಂದರೆ ಸಂದರ್ಭಗಳು ತಾವಾಗಿಯೇ ಸಾಕ್ಷಿಕಟ್ಟೆಗೆ ನಡೆದು ಬರುವುದಿಲ್ಲ. ಅವನ್ನು ಬಂದು ಹೇಳುವವನೂ ಮನುಷ್ಯನೇ. ಕಿರುಚಾಟ ಕೇಳಿ ಹೊರಗೆ ಬಂದವನೊಬ್ಬ, ಕೈಯಲ್ಲಿ ಮಚ್ಚು ಹಿಡಿದು ಓಡುತ್ತಿದ್ದವನನ್ನು ಕಂಡನೆನ್ನಿ. ಓಡಿದ್ದಕ್ಕೆ ಅವನು ಪ್ರತ್ಯಕ್ಷ ಸಾಕ್ಷಿ; ಕೊಂದದ್ದಕ್ಕೆ ಅವನ ಮಾತು ಸಾಂದರ್ಭಿಕ ಸಾಕ್ಷ್ಯ. ಅವನ ಕಣ್ಣಿನ ಬಗ್ಗೆ, ಬೆಳಕಿನ ಬಗ್ಗೆ, ದೂರದ ಬಗ್ಗೆ ಪಾಟಿಸವಾಲಿನಲ್ಲಿ ಕೇಳಬೇಕಾದದ್ದನ್ನೆಲ್ಲ ಕೇಳಿ ಮುಗಿಸಿದ ಮೇಲೆಯೇ, ಓಡಿದವನು ಕೊಂದವನೇ ಎಂಬ ಎರಡನೆಯ ಪ್ರಶ್ನೆ ಹುಟ್ಟುವುದು.

ಅಳತೆಯ ವಿಷಯಕ್ಕೆ ಬಂದರೆ, ಭಾರತದಲ್ಲಿ ಎಲ್ಲರೂ ಉಲ್ಲೇಖಿಸುವ ಮೂಲ ತೀರ್ಪು 1952ರ ಹನುಮಂತ ಗೋವಿಂದ ನರಗುಂದಕರ್ ವಿರುದ್ಧ ಮಧ್ಯಪ್ರದೇಶ ರಾಜ್ಯ. ಕುತೂಹಲದ ಸಂಗತಿಯೆಂದರೆ ಅದು ಕೊಲೆಯ ಪ್ರಕರಣವೇ ಅಲ್ಲ; ಮದ್ಯದ ಭಟ್ಟಿಯೊಂದರ ಟೆಂಡರಿಗೆ ಸಂಬಂಧಿಸಿದ ದಾಖಲೆಗಳನ್ನು ಖೋಟಾ ಮಾಡಿದ ಆರೋಪ. ಸಂದರ್ಭಗಳು ಮೊದಲು ಪೂರ್ಣವಾಗಿ ಸಾಬೀತಾಗಿರಬೇಕು, ಅನಂತರ ಅವು ಆರೋಪಿಯ ಅಪರಾಧವೊಂದರತ್ತಲೇ ಬೊಟ್ಟು ಮಾಡಬೇಕು ಎಂದು ನ್ಯಾಯಮೂರ್ತಿ ಮಹಾಜನ್ ಅಲ್ಲಿ ಬರೆದರು. ಸುಳಿವುಗಳನ್ನು ಜೋಡಿಸುತ್ತಾ ಹೋಗುವ ಮನಸ್ಸು ಸಣ್ಣಪುಟ್ಟ ಬಿರುಕುಗಳನ್ನು ತಾನೇ ಊಹೆಯಿಂದ ಮುಚ್ಚಿಬಿಡುವ ಅಪಾಯವಿದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಇದನ್ನು ಬಿಡಿಸಿ ಐದು ಸೂತ್ರಗಳಾಗಿ ಕೊಟ್ಟದ್ದು 1984ರ ಶರದ್ ಬಿರ್ಧಿಚಂದ್ ಸಾರಡಾ ತೀರ್ಪು. ನ್ಯಾಯಮೂರ್ತಿ ಫಜಲ್ ಅಲಿ ಅವನ್ನು ಸಾಂದರ್ಭಿಕ ಸಾಕ್ಷ್ಯದ ಪಂಚಶೀಲ ಎಂದೇ ಕರೆದರು. ಪ್ರತಿಯೊಂದು ಸಂದರ್ಭವೂ ಪೂರ್ಣವಾಗಿ ಸ್ಥಾಪಿತವಾಗಿರಬೇಕು, "ಇರಬಹುದು" ಎಂಬ ಮಟ್ಟದಲ್ಲಿ ನಿಂತರೆ ಸಾಲದು, ಅವೆಲ್ಲ ಆರೋಪಿ ತಪ್ಪಿತಸ್ಥ ಎಂಬ ಊಹೆಗೆ ಮಾತ್ರ ಹೊಂದುವಂತಿರಬೇಕು, ನಿರ್ಣಾಯಕ ಸ್ವರೂಪದವಾಗಿರಬೇಕು, ಬೇರೆ ಎಲ್ಲ ಸಾಧ್ಯತೆಗಳನ್ನೂ ಹೊರಗಿಡಬೇಕು, ಆರೋಪಿ ನಿರಪರಾಧಿ ಎಂಬ ತೀರ್ಮಾನಕ್ಕೆ ಸಮಂಜಸವಾದ ಯಾವ ಆಧಾರವನ್ನೂ ಉಳಿಸದಷ್ಟು ಸರಪಳಿ ಪೂರ್ಣವಾಗಿರಬೇಕು. "ಮಾಡಿರಬಹುದು" ಮತ್ತು "ಮಾಡಿರಲೇಬೇಕು" ಇವೆರಡರ ನಡುವೆ ಬಹಳ ದೂರವಿದೆ ಎಂದು 1973ರ ಶಿವಾಜಿ ಸಾಹಬರಾವ್ ಬೋಬಡೆ ತೀರ್ಪು ಹೇಳಿದ್ದನ್ನೂ ಅಲ್ಲಿ ನೆನೆಯಲಾಗಿದೆ.

ಸಾರಡಾ ಪ್ರಕರಣದಲ್ಲಿ ಏನಾಯಿತು ಎಂಬುದನ್ನು ತಾವು ಅವಶ್ಯವಾಗಿ ಗಮನಿಸಬೇಕು. ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಹೆಂಡತಿ ಪೊಟ್ಯಾಸಿಯಂ ಸಯನೈಡಿನಿಂದ ಸತ್ತಿದ್ದಳು. ಗಂಡನೇ ವಿಷ ಕೊಟ್ಟನೆಂದು ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು, ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ಅದೇ ಸಾಕ್ಷ್ಯವನ್ನು, ಅದರಲ್ಲಿಯೂ ಅವಳು ಬರೆದಿದ್ದ ಪತ್ರಗಳನ್ನು, ಸಾಲು ಸಾಲಾಗಿ ಓದಿ, ಆಕೆ ತಾನೇ ವಿಷ ಕುಡಿದಿರುವ ಸಾಧ್ಯತೆಯನ್ನು ಅಭಿಯೋಜನೆ ಅಳಿಸಿಹಾಕಿಲ್ಲವೆಂದು ಕಂಡು ಗಂಡನನ್ನು ಬಿಡುಗಡೆ ಮಾಡಿತು. ವಿಷಪ್ರಾಶನದ ಪ್ರಕರಣದಲ್ಲಿ ಪ್ರೇರಣೆ, ಸಾವು ವಿಷದಿಂದಲೇ ಆದದ್ದು, ಆ ವಿಷ ಆರೋಪಿಯ ಬಳಿ ಇದ್ದದ್ದು, ಅದನ್ನು ಕೊಡಲು ಅವನಿಗೆ ಅವಕಾಶವಿದ್ದದ್ದು ಈ ನಾಲ್ಕೂ ಬೇಕು; ಅಲ್ಲಿ ಅವನ ಬಳಿ ವಿಷವಿತ್ತೆಂಬುದಕ್ಕೆ ಸಾಕ್ಷ್ಯವಿರಲಿಲ್ಲ. ಕೆಳಗಿನ ಎರಡು ನ್ಯಾಯಾಲಯಗಳು ಕಂಡದ್ದು ಅವನ ವಿರುದ್ಧ ಏನೇನಿದೆ ಎಂಬುದನ್ನು. ಸುಪ್ರೀಂ ಕೋರ್ಟ್ ಕೇಳಿದ್ದು ಬೇರೆ ಏನಾಗಿರಬಹುದಿತ್ತು ಎಂಬುದನ್ನು. ತಮ್ಮ ನಾಲ್ಕು ಸಂಗತಿಗಳನ್ನೂ ಈ ಎರಡನೆಯ ಪ್ರಶ್ನೆಯ ಎದುರಿಗೆ ಇಟ್ಟು ನೋಡಬೇಕು.

ಒಮ್ಮೆ ಪಂಚನಾಗಿದ್ದವನು

ಸರಪಳಿ ಪೂರ್ಣವಾಗಿದೆಯೇ ಎಂದು ನೋಡುವ ಮೊದಲು ಒಂದೊಂದು ಕೊಂಡಿಯೂ ಕಬ್ಬಿಣದ್ದೇ ಎಂದು ನೋಡಬೇಕೆಂಬ ಮಾತಿಗೆ ನನ್ನ ಅನುಭವವನ್ನು ಸೇರಿಸಬೇಕೆನಿಸಿತು.

ಹಲವು ವರ್ಷಗಳ ಹಿಂದೆ ಒಂದು ಕೊಲೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುವಿನ ಮಹಜರಿಗೆ ನಾನು ಪಂಚನಾಗಿ, ಅಂದರೆ ಪೊಲೀಸರು ಕರೆದ ಹೊರಗಿನ ಸಾಕ್ಷಿಯಾಗಿ, ಸಹಿ ಹಾಕಿದೆ. ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನೂ ಇನ್ನೊಬ್ಬರನ್ನೂ ಕರೆದರು. ನಾವು ತಲುಪುವ ಹೊತ್ತಿಗೆ ಆರೋಪಿ ಪೊದೆಯ ಬಳಿ ನಿಂತಿದ್ದ, ಚಾಕು ಆಗಲೇ ನೆಲದ ಮೇಲೆ ಹಾಸಿದ್ದ ಬಟ್ಟೆಯ ಮೇಲಿತ್ತು. ಅವನು ತೆಗೆದುಕೊಟ್ಟನೆಂದು ಹೇಳಿದರು. ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗು ಕರಗಿಸಿ ಮೊಹರು ಒತ್ತಿದ್ದನ್ನು ನಾನು ಕಂಡೆ. ಪೊದೆಯಿಂದ ತೆಗೆದದ್ದನ್ನು ಕಾಣಲಿಲ್ಲ. ಬರೆದಿದ್ದ ಕಾಗದದಲ್ಲಿ ಮಾತ್ರ "ನಮ್ಮ ಸಮಕ್ಷಮ ತೆಗೆದು ಹಾಜರುಪಡಿಸಿದನು" ಎಂದಿತ್ತು. ಆ ಸಾಲಿನ ಕೆಳಗೆ ನಾನು ಸಹಿ ಹಾಕಿದೆ. ಅದು ಎಷ್ಟು ದೊಡ್ಡ ಮಾತು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಮೂರು ವರ್ಷಗಳ ನಂತರ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಆರೋಪಿಯ ಪರ ವಕೀಲರು ಕೇಳಿದ್ದು ಎರಡೇ ಪ್ರಶ್ನೆ: ತಾವು ಬರುವ ಮೊದಲು ಚಾಕು ಎಲ್ಲಿತ್ತು, ಅವನು ಏನು ಹೇಳಿದ್ದನ್ನು ತಾವು ಸ್ವತಃ ಕೇಳಿಸಿಕೊಂಡಿರಿ? ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನನ್ನನ್ನು ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದವರಿಗೇ ತಿರುಗಿ ನಿಂತ ಸಾಕ್ಷಿ, ಎಂದು ಘೋಷಿಸಿದರು. ಆ ದಿನ ನನಗೆ ಅವಮಾನವಾಗಿತ್ತು, ಯಾರ ಪರವಾಗಿಯೂ ಸುಳ್ಳು ಹೇಳಿರಲಿಲ್ಲ. ಆ ಚಾಕು ನಿಜವಾಗಿಯೂ ಅವನೇ ಬಚ್ಚಿಟ್ಟದ್ದಾಗಿರಬಹುದು. ಹಾಗಿದ್ದರೆ ಹತ್ತು ನಿಮಿಷ ಕಾಯದ ಆತುರವೇ ಒಂದು ಗಟ್ಟಿ ಕೊಂಡಿಯನ್ನು ಹಾಳು ಮಾಡಿತು. ತೀರ್ಪಿನಲ್ಲಿ "ಆರೋಪಿ ತೋರಿಸಿದ ಜಾಗದಿಂದ ವಶಪಡಿಸಿಕೊಳ್ಳಲಾಯಿತು" ಎಂಬ ಸಾಲನ್ನು ಓದಿದಾಗಲೆಲ್ಲ, ಪಂಚರು ಏನನ್ನು ಕಂಡರು ಎಂದು ಮುಂದಿನ ಪುಟಗಳಲ್ಲಿ ಹುಡುಕುತ್ತೇನೆ.

ನಿವೃತ್ತ ಅಭಿಯೋಜಕ

ಮೇಲಿನವರು ಹೇಳಿದ್ದು ನೋವಿನ ಮಾತು, ಆದರೆ ನಿಜ. ನಾನು ಸರ್ಕಾರದ ಪರವಾಗಿ ಕೊಲೆ ಪ್ರಕರಣಗಳನ್ನು ನಡೆಸಿದವನು, ಮಹಜರಿನ ಬಡತನದಿಂದಲೇ ಕೈತಪ್ಪಿದ ಪ್ರಕರಣಗಳು ಎದೆಯಲ್ಲಿ ಉಳಿದಿವೆ.

ಚಾಕುವಿನ ವಿಷಯದಲ್ಲಿ ಕಾನೂನು ಎಷ್ಟು ಸೂಕ್ಷ್ಮ ಎಂಬುದನ್ನು ಪ್ರಶ್ನೆ ಕೇಳಿದವರು ತಿಳಿಯಬೇಕು. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಅದಕ್ಕಿರುವ ಒಂದು ಕಿಂಡಿ ಹಳೆಯ ಸಾಕ್ಷ್ಯ ಅಧಿನಿಯಮದ 27ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮಿನ ಪರಂತುಕ, ಅಂದರೆ ವಿನಾಯಿತಿ ಹೇಳುವ ಭಾಗ. ಆರೋಪಿಯ ಮಾತಿನಿಂದ ಯಾವುದಾದರೂ ಸಂಗತಿ ಹೊಸದಾಗಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಒಳಗೆ ಬಿಡಬಹುದು. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ 1946ರಲ್ಲಿ ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ಕೊಟ್ಟ ಉದಾಹರಣೆಯೇ ಇಂದಿಗೂ ಆಧಾರ. "ನಾನು ಇರಿದ ಚಾಕುವನ್ನು ನನ್ನ ಮನೆಯ ಸೂರಿನಲ್ಲಿ ಬಚ್ಚಿಟ್ಟಿದ್ದೇನೆ, ತೆಗೆದುಕೊಡುತ್ತೇನೆ" ಎಂದು ಆರೋಪಿ ಹೇಳಿದನೆನ್ನಿ. ಚಾಕು ಸೂರಿನಲ್ಲಿದೆ, ಅದು ಅಲ್ಲಿರುವುದು ಅವನಿಗೆ ಗೊತ್ತಿದೆ ಎಂಬುದಷ್ಟೇ ಸಾಬೀತು. "ನಾನು ಇರಿದ" ಎಂಬ ಭಾಗವನ್ನು ನ್ಯಾಯಾಧೀಶರು ಕಿವಿಗೂ ಹಾಕಿಕೊಳ್ಳಬಾರದು. ಆ ಚಾಕುವಿನಿಂದಲೇ ಕೊಲೆಯಾಯಿತು ಎಂಬುದನ್ನು ವೈದ್ಯರ ಮಾತಿನಿಂದಲೂ ಪ್ರಯೋಗಾಲಯದ ವರದಿಯಿಂದಲೂ ಬೇರೆಯಾಗಿಯೇ ತೋರಿಸಬೇಕು. ತಮ್ಮ ಅನುಮಾನವೂ ಇದೇ ಆಗಿತ್ತು, ಅದು ಸರಿಯಾದ ಅನುಮಾನ.

ಇನ್ನು ಕೊನೆಯ ಬಾರಿ ಜೊತೆಯಲ್ಲಿ ಕಂಡದ್ದು. ಇದರ ಬಲವೆಲ್ಲ ಕಾಲದ ಅಂತರದಲ್ಲಿದೆ. ಇಬ್ಬರೂ ಜೀವಂತವಾಗಿ ಕಂಡ ಹೊತ್ತಿಗೂ ಶವ ಸಿಕ್ಕ ಹೊತ್ತಿಗೂ ನಡುವೆ ಬೇರೆ ಯಾರೂ ಬಂದಿರಲಾರರು ಎನ್ನುವಷ್ಟು ಕಡಿಮೆ ಅಂತರವಿದ್ದರೆ ಮಾತ್ರ ಈ ಸಂಗತಿ ತೂಕ ಪಡೆಯುತ್ತದೆ ಎಂದು 2005ರ ಉತ್ತರ ಪ್ರದೇಶ ರಾಜ್ಯ ವಿರುದ್ಧ ಸತೀಶ್ ತೀರ್ಪು ಹೇಳುತ್ತದೆ. ಅಂತರ ದೊಡ್ಡದಾದರೆ ಬೇರೆ ಸಾಕ್ಷ್ಯದ ಆಸರೆ ಬೇಕೇ ಬೇಕು.

ಪ್ರೇರಣೆಯ ಬಗ್ಗೆ ಮಾತ್ರ ಇಲ್ಲಿ ಯಾರೂ ಹೆಚ್ಚು ಹೇಳಿಲ್ಲ. ಕಣ್ಣಾರೆ ಕಂಡವರಿದ್ದಾಗ ಏಕೆ ಕೊಂದ ಎಂಬುದು ತಿಳಿಯದಿದ್ದರೂ ನಡೆಯುತ್ತದೆ. ಸಾಂದರ್ಭಿಕ ಸಾಕ್ಷ್ಯವೇ ಎಲ್ಲವೂ ಆದಾಗ ಪ್ರೇರಣೆಗೆ ತೂಕ ಬರುತ್ತದೆ, ಅದು ಇಲ್ಲದಿರುವುದು ಆರೋಪಿಗೆ ಅನುಕೂಲವಾಗುತ್ತದೆ. ಆದರೆ ಅದೊಂದೇ ಸಾಬೀತಾದರೆ ಬಲವಾದ ಸಂಶಯ ಹುಟ್ಟೀತೇ ಹೊರತು ಅಪರಾಧ ಸಾಬೀತಾಗದು.

ಒಂದು ಮಾತನ್ನು ನನ್ನ ಕಡೆಯಿಂದಲೂ ಹೇಳಿಬಿಡುತ್ತೇನೆ. ಮುಚ್ಚಿದ ಬಾಗಿಲ ಹಿಂದೆ, ರಾತ್ರಿಯ ಹೊತ್ತು, ಸಾಕ್ಷಿ ಇಲ್ಲದಂತೆ ನೋಡಿಕೊಂಡೇ ಕೊಲ್ಲುವವರಿದ್ದಾರೆ. ಕಣ್ಣಿನ ಸಾಕ್ಷಿಯಿಲ್ಲದೆ ಶಿಕ್ಷೆಯೇ ಇಲ್ಲವೆಂದರೆ ಅಂಥವರ ಎಚ್ಚರಿಕೆಗೇ ನಾವು ಬಹುಮಾನ ಕೊಟ್ಟಂತಾಗುತ್ತದೆ. ಸತ್ತವರ ಮನೆಯವರು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಕುಳಿತಿರುವುದನ್ನು ನಾನು ನೋಡಿದ್ದೇನೆ.

ತೀರ್ಪು ಓದುಗ

ಎಲ್ಲರಿಗೂ ಕೃತಜ್ಞತೆಗಳು. ಮುಚ್ಚಿದ ಬಾಗಿಲು ಎಂದ ಕೂಡಲೇ ಇನ್ನೊಂದು ಪ್ರಶ್ನೆ ಬಂತು. ನಾನು ಓದಿದ ತೀರ್ಪಿನಲ್ಲಿ "ಮೃತನೊಂದಿಗೆ ಕೊನೆಗೆ ಇದ್ದವನು ಆರೋಪಿಯೇ ಆದ್ದರಿಂದ ಮುಂದೇನಾಯಿತೆಂದು ವಿವರಿಸುವ ಹೊಣೆ ಅವನದು, ಅವನು ವಿವರಿಸಿಲ್ಲ" ಎಂಬ ಅರ್ಥದ ಒಂದು ಪ್ಯಾರಾ ಇದೆ. ಸುಮ್ಮನಿರುವ ಹಕ್ಕು ಆರೋಪಿಗೆ ಇದೆಯೆಂದು ಕೇಳಿದ್ದೇನೆ. ಸುಮ್ಮನಿದ್ದದ್ದೇ ಅವನ ವಿರುದ್ಧದ ಸಾಕ್ಷ್ಯವಾಗುವುದು ಹೇಗೆ? ಅಭಿಯೋಜಕರ ಮಾತಿನಲ್ಲಿರುವ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಓದಲು ಬರೆಯಲು ಬಾರದ, ನ್ಯಾಯಾಲಯವನ್ನೇ ಎಂದೂ ಕಾಣದ ಒಬ್ಬ ಮನುಷ್ಯ ಹೆದರಿ "ಗೊತ್ತಿಲ್ಲ" ಎಂದಿರಲೂಬಹುದಲ್ಲವೇ?

ಸೆಷನ್ಸ್ ವಕೀಲೆ

ಆ ಪ್ಯಾರಾದ ಹಿಂದಿರುವುದು ಹಳೆಯ ಅಧಿನಿಯಮದ 106ನೇ ಕಲಮು, ಈಗಿನ 109. ಒಬ್ಬನಿಗೆ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ರುಜುವಾತುಪಡಿಸುವ ಹೊಣೆ ಅವನದೇ ಎಂದು ಅದು ಹೇಳುತ್ತದೆ. ಇದನ್ನು ಅಕ್ಷರಶಃ ಹಿಡಿದುಕೊಂಡರೆ, ಕೊಂದನೋ ಇಲ್ಲವೋ ಎಂಬುದು ಆರೋಪಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಕೊಂದಿಲ್ಲವೆಂದು ಅವನೇ ತೋರಿಸಲಿ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಆ ಅಸಂಗತಕ್ಕೆ ಎಡೆಯಿಲ್ಲವೆಂದು 1956ರಲ್ಲಿಯೇ ಶಂಭುನಾಥ ಮೆಹ್ರಾ ತೀರ್ಪು ಸ್ಪಷ್ಟಪಡಿಸಿದೆ. ಅಪರಾಧವನ್ನು ಸಾಬೀತುಪಡಿಸುವ ಮೂಲ ಹೊಣೆ ಎಂದೂ ಅಭಿಯೋಜನೆಯ ಹೆಗಲಿನಿಂದ ಇಳಿಯುವುದಿಲ್ಲ.

ಹಾಗಾದರೆ ಆ ಕಲಮಿಗೆ ಕೆಲಸವೇ ಇಲ್ಲವೇ? ಇದೆ. ಗಂಡ ಹೆಂಡತಿ ಇಬ್ಬರೇ ಇದ್ದ ಮನೆಯೊಳಗೆ ರಾತ್ರಿ ಹೆಂಡತಿಯ ಕೊಲೆಯಾಗಿದೆ. ಗಂಡ ಆ ರಾತ್ರಿ ಅಲ್ಲೇ ಇದ್ದನೆಂದು ಅಭಿಯೋಜನೆ ಗಟ್ಟಿಯಾಗಿ ತೋರಿಸಿದೆ. ಅವನು ಹೇಳುವ ಕಾರಣ ಸುಳ್ಳೆಂದು ಕಂಡಿದೆ. ಇಂಥ ಸಂದರ್ಭದಲ್ಲಿ ಅವನ ಮೌನ ಅಥವಾ ಸುಳ್ಳು ವಿವರಣೆ ಸರಪಳಿಗೆ ಇನ್ನೊಂದು ಕೊಂಡಿಯಾಗುತ್ತದೆ ಎಂದು 2006ರ ತ್ರಿಮುಖ ಮಾರೋತಿ ಕಿರ್ಕನ್ ತೀರ್ಪು ಹೇಳಿದೆ. "ಇನ್ನೊಂದು ಕೊಂಡಿ" ಎಂಬ ಮಾತನ್ನು ಗಮನಿಸಿ. ಉಳಿದ ಸರಪಳಿ ಮೊದಲೇ ಸಿದ್ಧವಾಗಿರಬೇಕು. ಸರಪಳಿಯೇ ಪೂರ್ಣವಾಗದಿದ್ದರೆ ಆರೋಪಿ ವಿವರಣೆ ಕೊಡದಿದ್ದುದಕ್ಕೆ ಬೆಲೆಯಿಲ್ಲವೆಂದು 2021ರ ನಾಗೇಂದ್ರ ಸಾಹ್ ವಿರುದ್ಧ ಬಿಹಾರ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಿತು. ಸಂಜೆ ಬೀದಿಯಲ್ಲಿ ಜೊತೆಗೆ ನಡೆದದ್ದನ್ನು ಮುಚ್ಚಿದ ಮನೆಗೆ ಹೋಲಿಸುವುದು ನನ್ನ ದೃಷ್ಟಿಯಲ್ಲಿ ಬಹಳ ದೂರದ ಹೋಲಿಕೆ.

ಇದರ ಜೊತೆಗೆ, ನ್ಯಾಯಾಧೀಶರು ಆರೋಪಿಯನ್ನು ಕೇಳುವ ಹಂತ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 351, ಇರುವುದೇ ಆರೋಪಿಗಾಗಿ. ಅವನಿಗೆ ಪ್ರಮಾಣ ಬೋಧಿಸುವುದಿಲ್ಲ. ಯಾವ ಸಂದರ್ಭವನ್ನು ಅವನ ಮುಂದಿಟ್ಟು ಕೇಳಿಲ್ಲವೋ ಅದನ್ನು ಅವನ ವಿರುದ್ಧ ಬಳಸಬಾರದೆಂದು ಸಾರಡಾ ತೀರ್ಪೇ ಹೇಳುತ್ತದೆ. ಹತ್ತಾರು ಸಂಗತಿಗಳನ್ನು ಒಂದೇ ಉದ್ದದ ಪ್ರಶ್ನೆಯಲ್ಲಿ ತುರುಕಿ, ಅವನು "ಸುಳ್ಳು" ಎಂದದ್ದನ್ನು ಬರೆದುಕೊಂಡು ಮುಗಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹೆದರಿದವನ ಬಗ್ಗೆ ತಾವು ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಸಂಖ್ಯಾಶಾಸ್ತ್ರ ಕಲಿಸುವವಳು

ಮೂಲ ಪ್ರಶ್ನೆಯಲ್ಲಿ "ನಾಲ್ಕು ಅರೆ ಪುರಾವೆಗಳು" ಎಂಬ ಮಾತಿದೆ. ಅದಕ್ಕೆ ಲೆಕ್ಕದ ಕಡೆಯಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ಸರಪಳಿ ಎಂಬ ಹೋಲಿಕೆ ಎಲ್ಲ ಕಡೆಯೂ ಹೊಂದುವುದಿಲ್ಲ.

ಹತ್ತು ಕೊಂಡಿಗಳಿರುವ ವಾದವೊಂದನ್ನು ತೆಗೆದುಕೊಳ್ಳಿ. ಒಂದೊಂದೂ ಇನ್ನೊಂದರ ಮೇಲೆ ನಿಂತಿದೆ, ಹತ್ತೂ ನಿಜವಾದರೆ ಮಾತ್ರ ತೀರ್ಮಾನ ನಿಲ್ಲುತ್ತದೆ. ಒಂದೊಂದೂ ನೂರಕ್ಕೆ 90ರಷ್ಟು ಖಚಿತವೆನ್ನಿ, ಕೇಳುವುದಕ್ಕೆ ಗಟ್ಟಿಯಾಗಿಯೇ ಇದೆ. ಆದರೆ 0.9 ಅನ್ನು ಹತ್ತು ಬಾರಿ ಗುಣಿಸಿದರೆ ಸಿಗುವುದು ಸುಮಾರು 0.35. ಅಂದರೆ ತೀರ್ಮಾನ ಸುಳ್ಳಾಗುವ ಸಂಭವವೇ ಹೆಚ್ಚು. ಪ್ರತಿ ಕೊಂಡಿಯೂ ಪೂರ್ಣವಾಗಿ ಸಾಬೀತಾಗಲಿ ಎಂದು ನ್ಯಾಯಾಲಯಗಳು ಹಟ ಹಿಡಿಯುವುದಕ್ಕೆ ಇಲ್ಲಿ ಕಾರಣ ಕಾಣುತ್ತದೆ.

ಎಲ್ಲ ಸಾಂದರ್ಭಿಕ ಸಾಕ್ಷ್ಯವೂ ಹೀಗೆ ಒಂದರ ಹಿಂದೊಂದು ನಿಲ್ಲುವುದಿಲ್ಲ. 1866ರ ಎಕ್ಸಾಲ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಪೊಲಾಕ್ ಸರಪಳಿಯ ಹೋಲಿಕೆಯನ್ನು ಬಿಟ್ಟು ಹಲವು ಎಳೆಗಳ ಹಗ್ಗದ ಹೋಲಿಕೆಯನ್ನು ಕೊಟ್ಟರು: ಒಂದು ಎಳೆ ಭಾರ ತಡೆಯದಿರಬಹುದು, ಮೂರು ಎಳೆ ಹೊಸೆದರೆ ತಡೆದೀತು. ತಪ್ಪು ಮಾಡದವನೊಬ್ಬನ ಮೇಲೆ ಆಕಸ್ಮಿಕವಾಗಿ ಬೀಳುವ ಸಾಧ್ಯತೆ ಹತ್ತರಲ್ಲಿ ಒಂದು ಎನ್ನಬಹುದಾದ ಮೂರು ಸಂಗತಿಗಳು ಒಬ್ಬನ ವಿರುದ್ಧವೇ ಬಂದು ಸೇರಿದರೆ, ಆ ಆಕಸ್ಮಿಕ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ಇಲ್ಲಿ ಅರೆ ಪುರಾವೆಗಳು ಕೂಡಿ ನಿಜವಾಗಿಯೂ ಬಲ ಪಡೆಯುತ್ತವೆ.

ಆದರೆ ಈ ಗುಣಾಕಾರಕ್ಕೆ ಒಂದು ಷರತ್ತಿದೆ: ಆ ಎಳೆಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. ಈ ಷರತ್ತನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣವನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಹೇಳುವಾಗ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಆಕೆಯ ಎರಡು ಹಸುಳೆಗಳು ಒಂದಾದ ಮೇಲೊಂದು ಸತ್ತವು. ಅಂಥ ಕುಟುಂಬದಲ್ಲಿ ಮಗು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಂಭವ 8,543ರಲ್ಲಿ ಒಂದು, ಎರಡು ಮಕ್ಕಳು ಹಾಗೆ ಸಾಯುವ ಸಂಭವ 8,543ನ್ನು ಅದರಿಂದಲೇ ಗುಣಿಸಿ ಸುಮಾರು 7 ಕೋಟಿ 30 ಲಕ್ಷದಲ್ಲಿ ಒಂದು ಎಂದು ಮಕ್ಕಳ ತಜ್ಞರೊಬ್ಬರು ಸಾಕ್ಷ್ಯ ನುಡಿದರು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಒಂದೇ ತಾಯಿತಂದೆಯ, ಒಂದೇ ಮನೆಯ ಮಕ್ಕಳ ಸಾವುಗಳನ್ನು ಸಂಬಂಧವಿಲ್ಲದ ಎರಡು ಘಟನೆಗಳೆಂದು ಗುಣಿಸಿದ್ದೇ ತಪ್ಪು. ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಎರಡು ಸಹಜ ಸಾವುಗಳು ಅಪರೂಪ, ನಿಜ. ತಾಯಿ ಇಬ್ಬರು ಮಕ್ಕಳನ್ನೂ ಕೊಲ್ಲುವುದು ಎಷ್ಟು ಅಪರೂಪ ಎಂದು ಯಾರೂ ಪಕ್ಕದಲ್ಲಿ ಇಟ್ಟು ಹೋಲಿಸಲಿಲ್ಲ. ಎರಡನೆಯ ಮಗುವಿನ ದೇಹದಲ್ಲಿ ಸೋಂಕಿನ ಸುಳಿವು ತೋರಿಸಿದ್ದ ಪರೀಕ್ಷಾ ವರದಿ ಆರೋಪಿಯ ಪರ ವಕೀಲರ ಕೈಗೆ ತಲುಪಿರಲೇ ಇಲ್ಲ ಎಂಬುದು ಆಮೇಲೆ ಹೊರಬಿತ್ತು. 2003ರಲ್ಲಿ ಶಿಕ್ಷೆ ರದ್ದಾಯಿತು.

ಆಸ್ಟ್ರೇಲಿಯದ ಲಿಂಡಿ ಚೇಂಬರ್ಲೇನ್ ಪ್ರಕರಣದಲ್ಲಿ ಎಳೆಯೇ ಎಳೆಯಾಗಿರಲಿಲ್ಲ. 1980ರಲ್ಲಿ ಉಲುರು ಬಂಡೆಯ ಬಳಿಯ ಬಿಡಾರದಿಂದ ಹಸುಳೆ ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಒಯ್ದಿತೆಂದು ತಾಯಿ ಹೇಳಿದಳು. ಮಗುವಿನ ಶವ ಸಿಗಲೇ ಇಲ್ಲ. ಕಾರಿನೊಳಗೆ ಹಸುಳೆಯ ರಕ್ತವಿದೆ ಎಂದ ಪ್ರಯೋಗಾಲಯದ ಮಾತು 1982ರಲ್ಲಿ ಆಕೆಯನ್ನು ಜೈಲಿಗೆ ಕಳಿಸಿತು. ರಕ್ತ ಚಿಮ್ಮಿದ್ದೆಂದು ಹೇಳಿದ್ದ ಆ ಗುರುತು ಕಾರಿನಲ್ಲಿ ಸದ್ದು ತಗ್ಗಿಸಲು ಬಳಿಯುವ ವಸ್ತುವಿನದು ಎಂಬುದು ಆಮೇಲೆ ಗೊತ್ತಾಯಿತು. ಮಗು ತೊಟ್ಟಿತ್ತೆಂದು ತಾಯಿ ಹೇಳುತ್ತಲೇ ಬಂದಿದ್ದ ಪುಟ್ಟ ಅಂಗಿ 1986ರಲ್ಲಿ ಸಿಕ್ಕಿತು. 1988ರಲ್ಲಿ ತೀರ್ಪು ರದ್ದಾಯಿತು. ಸಾವಿಗೆ ಡಿಂಗೊ ಕಾರಣವೆಂದು ಮರಣ ವಿಚಾರಣಾಧಿಕಾರಿ ದಾಖಲಿಸಿದ್ದು 2012ರಲ್ಲಿ.

ತಮ್ಮ ತೀರ್ಪಿನ ನಾಲ್ಕು ಸಂಗತಿಗಳಲ್ಲಿ ಯಾವುದು ಕೊಂಡಿ, ಯಾವುದು ಎಳೆ ಎಂದು ಬೇರೆ ಮಾಡಿ ನೋಡಿ. ಯಾವುದನ್ನು ತೆಗೆದರೆ ಇಡೀ ವಾದ ಕುಸಿಯುತ್ತದೆಯೋ ಅದು ಸಂಶಯಾತೀತವಾಗಿ ಸಾಬೀತಾಗಿರಲೇಬೇಕು. 1990ರ ಶೆಪರ್ಡ್ ಪ್ರಕರಣದಲ್ಲಿ ಆಸ್ಟ್ರೇಲಿಯದ ಹೈಕೋರ್ಟ್ ಹೇಳಿದ್ದೂ ಇದನ್ನೇ.

ಸೆಷನ್ಸ್ ವಕೀಲೆ

ಈ ವಿಂಗಡಣೆ ನನಗೆ ಬಹಳ ಹಿಡಿಸಿತು. ಒಂದು ಎಚ್ಚರಿಕೆ ಮಾತ್ರ: ಭಾರತದಲ್ಲಿ ಸಾರಡಾ ತೀರ್ಪಿನ ಮೊದಲ ಸೂತ್ರ ಎಳೆ, ಕೊಂಡಿ ಎಂಬ ಭೇದ ಮಾಡುವುದಿಲ್ಲ, ಅಪರಾಧದ ತೀರ್ಮಾನಕ್ಕೆ ಆಧಾರವಾಗುವ ಎಲ್ಲ ಸಂದರ್ಭಗಳೂ ಪೂರ್ಣವಾಗಿ ಸ್ಥಾಪಿತವಾಗಬೇಕೆನ್ನುತ್ತದೆ. ಆದ್ದರಿಂದ ಹತ್ತರಲ್ಲಿ ಒಂದು ಎಂಬಂಥ ದುರ್ಬಲ ಸಂಗತಿಗಳನ್ನು ಹೊಸೆದು ಹಗ್ಗ ಮಾಡಿದ್ದೇನೆಂದು ಯಾರಾದರೂ ಇಲ್ಲಿ ವಾದಿಸಿದರೆ ನಾನು ಎದ್ದು ನಿಂತು ವಿರೋಧಿಸುತ್ತೇನೆ. ಸಂಗತಿ ನಡೆದಿದೆಯೆಂಬುದು ಖಚಿತವಾಗಿರಬೇಕು. ಅದು ತಾನೊಂದೇ ಅಪರಾಧವನ್ನು ತೋರಿಸದಿದ್ದರೂ ಚಿಂತೆಯಿಲ್ಲ.

ಮೊಬೈಲ್ ಕರೆ ವಿವರಗಳಲ್ಲಿ ಇದನ್ನು ದಿನವೂ ಕಾಣುತ್ತೇವೆ. ಆರೋಪಿಯ ಸಂಖ್ಯೆ ಆ ರಾತ್ರಿ ಒಂದು ಗೋಪುರದ ವ್ಯಾಪ್ತಿಯಲ್ಲಿತ್ತು ಎಂಬುದು ಸಂಗತಿ. ಫೋನು ಯಾರ ಕೈಯಲ್ಲಿತ್ತು, ಆ ವ್ಯಾಪ್ತಿಯೊಳಗೆ ಎಲ್ಲಿತ್ತು ಎಂಬುದು ಅದರಿಂದ ತಿಳಿಯುವುದಿಲ್ಲ. ಆ ದಾಖಲೆ ಒಳಗೆ ಬರುವುದಕ್ಕೂ ಕಾನೂನು ಕೇಳುವ ಪ್ರಮಾಣಪತ್ರ ಬೇಕು. ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಅದು ಕಡ್ಡಾಯವೆಂದು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಹೇಳಿದೆ.

ತೀರ್ಪು ಓದುಗ

ನಿನ್ನೆ ರಾತ್ರಿ ಪೆನ್ಸಿಲ್ ಹಿಡಿದು ತೀರ್ಪನ್ನು ಮತ್ತೆ ಓದಿದೆ. ಮೊದಲ ಓದಿನಲ್ಲಿ ಕಣ್ಣಿಗೆ ಬೀಳದ ಮೂರು ಸಂಗತಿಗಳು ಈಗ ಕಂಡವು.

ಶವ ಸಿಕ್ಕದ್ದು ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ. ಸಂಜೆ ಏಳರಿಂದ ಲೆಕ್ಕ ಹಾಕಿದರೆ ಹದಿನೈದು ತಾಸು. ಸಾವು ಯಾವ ಹೊತ್ತಿಗೆ ಆಗಿರಬಹುದೆಂದು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೇಳಿದ್ದಾರೆಯೇ ಎಂದು ಹುಡುಕಿದೆ. ಅವರ ಸಾಕ್ಷ್ಯದ ಸಾರಾಂಶದಲ್ಲಿ ಗಾಯಗಳ ವಿವರವಿದೆ, ಹೊತ್ತಿನ ಮಾತೇ ಇಲ್ಲ. ಚಾಕುವಿನ ಮೇಲಿದ್ದದ್ದು ಮಾನವ ರಕ್ತವೆಂದು ಪ್ರಯೋಗಾಲಯದ ವರದಿ ಹೇಳುತ್ತದೆ, ಅದರ ಕೆಳಗಿನ ಸಾಲಿನಲ್ಲಿ ಗುಂಪು ನಿರ್ಧರಿಸಲಾಗಲಿಲ್ಲ ಎಂದಿದೆ. ಇಬ್ಬರು ಪಂಚರಲ್ಲಿ ಒಬ್ಬರನ್ನು ವಿಚಾರಿಸಿಯೇ ಇಲ್ಲ, ಇನ್ನೊಬ್ಬರು ತಮ್ಮ ಸಹಿಯನ್ನಷ್ಟೇ ಒಪ್ಪಿಕೊಂಡಿದ್ದಾರೆ.

ಸಾಲದ ಜಗಳ ಮಾತ್ರ ಚೆನ್ನಾಗಿ ಸಾಬೀತಾಗಿದೆ, ಮೂವರು ಸಾಕ್ಷಿಗಳು ಒಂದೇ ಮಾತು ಹೇಳಿದ್ದಾರೆ. ಆರೋಪಿಯೇ ಕೊಂದಿಲ್ಲವೆಂದು ನಾನು ಹೇಳಲಾರೆ; ನನಗೆ ಅದು ಗೊತ್ತಿಲ್ಲ. ಹೈಕೋರ್ಟಿಗೆ ಮೇಲ್ಮನವಿ ಹೋಗಿದೆಯೆಂದು ಕೇಳಿದೆ. ಅಲ್ಲಿ ಇವನ್ನೆಲ್ಲ ಮತ್ತೆ ನೋಡುತ್ತಾರೆಯೇ, ಅಥವಾ ಕೆಳಗಿನ ನ್ಯಾಯಾಲಯ ಸಾಬೀತಾಗಿದೆ ಎಂದದ್ದನ್ನು ಹಾಗೆಯೇ ಒಪ್ಪಿಕೊಂಡು ಮುಂದುವರಿಯುತ್ತಾರೆಯೇ?

ನಿವೃತ್ತ ಅಭಿಯೋಜಕ

ಮತ್ತೆ ನೋಡುತ್ತಾರೆ. ಶಿಕ್ಷೆಯ ವಿರುದ್ಧದ ಮೊದಲ ಮೇಲ್ಮನವಿಯಲ್ಲಿ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ತಾನೇ ಮೊದಲಿನಿಂದ ತೂಗಿ ನೋಡಬೇಕು, ಅದು ಅದರ ಕರ್ತವ್ಯ. ಜೀವಾವಧಿ ಶಿಕ್ಷೆಯಾದ್ದರಿಂದ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಬರುತ್ತದೆ. ತಾವು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಮೂರು ಜಾಗಗಳಲ್ಲಿಯೇ ಅವರೂ ಸರ್ಕಾರದ ಪರ ವಕೀಲರನ್ನು ನಿಲ್ಲಿಸಿ ಕೇಳುತ್ತಾರೆಂದು ನನ್ನ ಅನುಭವ ಹೇಳುತ್ತದೆ.

ನಾನು ಆ ಕಡೆ ನಿಂತಿದ್ದರೆ ಮೊದಲು ಹುಡುಕುತ್ತಿದ್ದುದು ವೈದ್ಯರ ಮೂಲ ವರದಿಯನ್ನು. ಹೊಟ್ಟೆಯಲ್ಲಿದ್ದ ಆಹಾರ ಎಷ್ಟು ಜೀರ್ಣವಾಗಿತ್ತು, ದೇಹ ಎಷ್ಟು ಸೆಟೆದಿತ್ತು ಎಂಬುದನ್ನು ವೈದ್ಯರು ಸಾಮಾನ್ಯವಾಗಿ ಅದರಲ್ಲಿ ಬರೆದಿರುತ್ತಾರೆ. ಮುಖ್ಯ ವಿಚಾರಣೆಯಲ್ಲಿ ಯಾರೂ ಕೇಳದೆ ಬಿಟ್ಟಿರಬಹುದು. ಆ ಹದಿನೈದು ತಾಸು ಎರಡು ಮೂರು ತಾಸಿಗೆ ಇಳಿಯುತ್ತದೆಯೋ ಇಲ್ಲವೋ ಎಂಬುದಕ್ಕೆ ಸುಳಿವು ಇನ್ನೂ ಆ ಕಾಗದದಲ್ಲಿಯೇ ಇರಬಹುದು.